ಗಣಿತ ಸಂಕ ದಾಟಿದ ಸಂಜೆಗಳು

ಮೊನ್ನೆ ಒಂಬತ್ತನೇ ತರಗತಿಗೆ ಪಾಠಕ್ಕೆಂದು ಹೋದಾಗ ಬಾಗಿಲಲ್ಲೇ ಒಂದು ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಹುಳಿಯೂ ಹೌದು, ಹೊಗೆಯೂ ಹೌದು. ಬಾಯಲ್ಲಿ ನೀರೂರಿಸಿ, ಜೊತೆಗೇ ಕಣ್ಣನ್ನೂ ಚುರುಗುಟ್ಟಿಸುವ ವಾಸನೆ. ಉಪ್ಪಾಗೆ. ಕಾಡಿನಿಂದ ಹಣ್ಣು ಹೆಕ್ಕಿ ತಂದು, ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಬೆಂಕಿಯ ಮೇಲಿನ ಬಿದಿರು ತಟ್ಟಿಯಲ್ಲಿ ಹರವಿ ಕರ್ರಗಾಗುವವರೆಗೆ ಒಣಗಿಸುವ ಮನೆಗಳವರ ಬಟ್ಟೆಗೆ ಮಾತ್ರ ಅದು ಹತ್ತಿಕೊಳ್ಳುತ್ತದೆ, ಹತ್ತಿದ ಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಕಾರ್ಗಲ್ ಆಚೆಯ ಹಿನ್ನೀರಿನ ಅಂಚಿನಿಂದ ಬಂದು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೊನೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಪಕ್ಕದವಳು ಮೂಗಿಗೆ ಕರ್ಚೀಫು ಹಿಡಿದು ಆದಷ್ಟು ದೂರ ಸರಿದಿದ್ದಳು. ಸಾಗರ ಪೇಟೆಯ ಮಕ್ಕಳು, ಪಾಪ, ಅವಕ್ಕೇನು ಗೊತ್ತು. ನಾನು ನೆಟ್ಟಗೆ ಹೋಗಿ ಇಬ್ಬರ ನಡುವಿನ ಆ ಖಾಲಿ ಜಾಗದಲ್ಲೇ ಕೂತುಬಿಟ್ಟೆ. ಅಂದಿನ ಸಮಾಜ ಪಾಠವನ್ನು ಅಲ್ಲಿಂದಲೇ ಮಾಡಿದೆ. ಟೀಚರಿಗೆ ಇವತ್ತು ಏನೋ ಆಗಿದೆ ಎಂದು ಮಕ್ಕಳು ಮುಖ ಮುಖ ನೋಡಿಕೊಂಡರು. ಆಗಿದ್ದು ನಿಜ. ನನ್ನ ನೀಲಿ ಲಂಗವೂ ಒಂದು ಕಾಲದಲ್ಲಿ ಹೀಗೇ ನಾರುತ್ತಿತ್ತು, ಮತ್ತು ಆ ಲಂಗ ಶಾಲೆ ಮುಟ್ಟುವುದಕ್ಕಾಗಿ ಒಂದಿಡೀ ಕಾಡು ಗಂಟಲು ಹರಿದುಕೊಂಡಿತ್ತು.

ನಮ್ಮ ಊರಿನ ಹೆಸರು ನೇರಲಕೊಡ್ಲು. ಮಾಸ್ತಿಕಟ್ಟೆಯ ಟಾರು ರಸ್ತೆ ಬಿಟ್ಟು ಕಾಡಿನೊಳಕ್ಕೆ ಇಳಿದರೆ ಸಿಗುತ್ತಿತ್ತು. ಊರೆಂದರೆ ನೀವು ಬೀದಿ, ಅಂಗಡಿ, ಕಟ್ಟೆ ಎಲ್ಲ ಕಲ್ಪಿಸಿಕೊಳ್ಳಬೇಡಿ. ಒಂದೇ ಕಾಲುದಾರಿ, ಅದರ ಉದ್ದಕ್ಕೆ ಒಂದಕ್ಕೊಂದು ಕಾಣದ ಹಾಗೆ ಬಿದ್ದುಕೊಂಡಿದ್ದ ನಾಲ್ಕಾರು ಮನೆ, ಅಷ್ಟೆ. ಒಂದು ಮನೆಯಿಂದ ಇನ್ನೊಂದು ಮನೆ ಒಂದು ಕೂಗಳತೆ. ಈಗಿನವರಿಗೆ ಇದು ಹೇಳುವ ಮಾತು. ನಮಗೆ ಅದು ನಿಜವಾದ ಅಳತೆ. ದಾರಿಯ ಕೊನೆಯ ಮನೆ ನಮ್ಮದು. ಅಲ್ಲಿ ಅಪ್ಪ, ಅಮ್ಮ, ನಾನು, ಮತ್ತು ನಮ್ಮೆಲ್ಲರ ಮೇಲೆ ಅಜ್ಜಿ ಹೂವಮ್ಮ. ನನ್ನ ಅಜ್ಜಿ ಕುಳ್ಳಗೆ, ಕಡ್ಡಿಯಂತೆ ಇದ್ದಳು, ಆದರೆ ಅವಳ ಗಂಟಲು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಅಂಗಳದ ತುದಿಯಲ್ಲಿ ನಿಂತು, ಸೆರಗು ಸೊಂಟಕ್ಕೆ ಬಿಗಿದು, ಎರಡು ಕೈಯನ್ನೂ ಬಾಯಿಗೆ ಆನಿಸಿ ಅವಳು 'ಕೂ' ಹಾಕಿದರೆ ಹಕ್ಕಿಗಳು ಮರ ಬದಲಿಸುತ್ತಿದ್ದವು.

ಈ ಕೂ ಎಂದರೆ ನಮ್ಮ ಕಡೆಯ ಟಪಾಲು, ಫೋನು ಎಲ್ಲವೂ. ನಾನೂ ಕೆಳಗಿನ ಮನೆಯ ಗುಲಾಬಿಯೂ ಹೈಸ್ಕೂಲಿಗೆ ಹೊರಟೆವೆಂದರೆ ಅಜ್ಜಿ ಒಂದು ಕೂ ಹಾಕುತ್ತಿದ್ದಳು: ಹೊರಟರು, ನೋಡಿಕೊಳ್ಳಿ. ನಾವು ಮುಂದಿನ ಮನೆಯ ಅಂಗಳದ ಕೆಳಗೆ ಹಾಯುವಾಗ ಆ ಮನೆಯವಳು ಮುಂದಿನ ಮನೆಗೆ ಕೂ ಹಾಕುತ್ತಿದ್ದಳು. ಹೀಗೆ ಕೈಯಿಂದ ಕೈಗೆ ದಾಟಿಸುವಂತೆ ನಮ್ಮಿಬ್ಬರನ್ನು ಬಾಯಿಂದ ಬಾಯಿಗೆ ದಾಟಿಸಿ ರಸ್ತೆಗೆ ಮುಟ್ಟಿಸುತ್ತಿದ್ದರು. ಸಂಜೆ ಅದೇ ತಿರುಗಾಮುರುಗಾ. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ಒಂದಿತ್ತು, ಅದರ ಆಚೆ ಈಚೆ ದಟ್ಟ ಕಾಡು. ಅಲ್ಲಿ ಮಾತ್ರ ನಾವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಂಕ ದಾಟಿದ ಮೇಲೆ ನಾವೇ ತಿರುಗಿ ಕೂ ಹಾಕಬೇಕು. ಅದು ಕೇಳುವವರೆಗೆ ಅಜ್ಜಿ ಒಳಗೆ ಹೋಗುತ್ತಿರಲಿಲ್ಲ. ಕೇಳದಿದ್ದರೆ ಕತ್ತಿ ಹಿಡಿದು ಹೊರಟೇಬಿಡುತ್ತಿದ್ದಳು. ಒಮ್ಮೆ ಗುಲಾಬಿ ಚಪ್ಪಲಿ ಹಳ್ಳಕ್ಕೆ ಬೀಳಿಸಿಕೊಂಡು ಅದರ ಹಿಂದೆ ಓಡಿದಾಗ ಎರಡು ಮನೆಯ ಹೆಂಗಸರು ಕತ್ತಿ ಹಿಡಿದು ಸಂಕಕ್ಕೆ ಬಂದು ನಿಂತಿದ್ದರು.

ಆ ಕೂಗಿನಲ್ಲಿ ಹೆಸರು ಮಾತ್ರ ಇರುತ್ತಿರಲಿಲ್ಲ. ಕಾಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕೂಗಬಾರದು, ಇದು ನಮ್ಮವರಲ್ಲಿ ಕಲ್ಲಿನಲ್ಲಿ ಬರೆದ ಮಾತು. ಕೂಗಿದರೆ ಕಾಡು ಆ ಹೆಸರನ್ನು ಕಲಿತುಕೊಳ್ಳುತ್ತದೆ, ಆಮೇಲೊಂದು ದಿನ ನಿನ್ನವರದೇ ದನಿಯಲ್ಲಿ ನಿನ್ನನ್ನು ಕರೆಯುತ್ತದೆ, ನೀನು ಓಗೊಟ್ಟು ಹೋಗಿಬಿಡುತ್ತೀಯ. ನಾವು ನಗುವ ಹಾಗಿರಲಿಲ್ಲ. ಅಜ್ಜಿಯ ತಂಗಿ ಹುಡುಗಿಯಾಗಿದ್ದಾಗ ಹಣ್ಣು ಹೆಕ್ಕಲು ಹೋಗಿ ತಿರುಗಿ ಬಂದಿರಲಿಲ್ಲ. ಅವತ್ತು ಅಂಗಳದಿಂದ ಅವಳ ಹೆಸರು ಹಿಡಿದು ಕೂಗಿದ್ದು ನಮ್ಮ ಅಜ್ಜಿಯೇ. ಆ ತಂಗಿಯ ಹೆಸರೇನೆಂದು ಎಷ್ಟು ಕಾಡಿಸಿದರೂ ಅವಳು ಕೊನೆಯವರೆಗೂ ನನಗೆ ಹೇಳಲಿಲ್ಲ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಕಾಡಿಗೆ ಬೂಟುಗಳು ಬಂದವು. ತೀರ್ಥಹಳ್ಳಿ, ಹೊಸನಗರದ ಕಾಡುಗಳಲ್ಲಿ ನಕ್ಸಲರ ಸುದ್ದಿ ಓಡಾಡುತ್ತಿದ್ದ ವರ್ಷಗಳು ಅವು. ಬಂದೂಕಿನವರು ಮನೆಗೆ ಬಂದು ಅನ್ನ ಕೇಳುತ್ತಾರಂತೆ, ಹಾಕಿದರೆ ಬೆಳಿಗ್ಗೆ ಪೊಲೀಸರು ಬರುತ್ತಾರಂತೆ, ಹಾಕದಿದ್ದರೆ ಅವರೇ ಮತ್ತೆ ಬರುತ್ತಾರಂತೆ ಎಂಬ ಮಾತು ಉಪ್ಪಾಗೆ ಒಡೆಯುವಾಗ ದೊಡ್ಡವರ ನಡುವೆ ನಡೆಯುತ್ತಿತ್ತು. ನಮ್ಮಂಥವರ ಮನೆಗಳಿಗೆ ಎರಡು ಕಡೆಯೂ ಭಯವೇ. ರಸ್ತೆಯ ಹತ್ತಿರ ಪೊಲೀಸರ ಟೆಂಟುಗಳೆದ್ದವು. ನಮಗೆ, ಹುಡುಗಿಯರಿಗೆ, ಮಾತ್ರ ಮೈಯೆಲ್ಲ ಜುಮ್ಮೆನ್ನುವ ಸಂಭ್ರಮ, ಸುಳ್ಳೇಕೆ ಹೇಳಲಿ. ಊರಿನ ದಾರಿಯಲ್ಲಿ ಜೀಪಿನ ಗುರುತು ಕಂಡಿದ್ದೇ ಮೊದಲು. ದಾರಿಯುದ್ದಕ್ಕೂ ನಾನೂ ಗುಲಾಬಿಯೂ ಪೊದೆಪೊದೆಯ ಹಿಂದೆಯೂ ಒಬ್ಬೊಬ್ಬರನ್ನು ಕಲ್ಪಿಸಿಕೊಂಡು, ಕಿರುಚಿ, ಓಡಿ, ಮತ್ತೆ ನಿಂತು ನಗುತ್ತಿದ್ದೆವು.

ಒಂದು ದಿನ ಪೊಲೀಸರ ಸಾಹೇಬರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೇ ಬಂದರು. ಗದಗದ ಕಡೆಯವರು, ಮಲೆನಾಡಿಗೆ ಹೊಸಬರು. ಕಾಲಿಗೆ ಹತ್ತಿದ ಉಂಬಳ ಕಿತ್ತು ಕಿತ್ತು ಸಾಕಾಗಿದ್ದವರು. ಬಂದವರೇ ಕೇಳಿದರು, "ದಿನಾ ಮುಂಜಾನೆ ಸಂಜಿ ಈ ಕೂಗೋದು ಯಾರಿಗೆ? ನಾವು ಹೊಂಟಿದ್ದು ಯಾರಿಗೆ ಸುದ್ದಿ ಮುಟ್ಟಸಾಕತ್ತೀರಿ?"

"ಹುಡ್ಗೀರು ಶಾಲಿಗೆ ಹೊರಟ್ವು ಅಂತ ಸ್ವಾಮಿ," ಎಂದಳು ಅಜ್ಜಿ.

"ಹಂಗಾದ್ರ ಹೆಸರು ಹಿಡದು ಕೂಗ್ರಿ. ಹೆಸರಿಲ್ಲ, ಮಾತಿಲ್ಲ, ಬರೇ ಕೂ ಅಂದ್ರ ನಾವು ಸಿಗ್ನಲ್ ಅಂತ ತಿಳೀತೀವಿ."

"ಕಾಡಲ್ಲಿ ಹೆಸ್ರು ಹಿಡಿಯಾಕಾಗಲ್ಲ. ಕಾಡು ಕೇಳಿಸ್ಕಂತದೆ."

ಈ ಮುದುಕಿ ತನ್ನನ್ನು ಮಂಗ ಮಾಡುತ್ತಿದ್ದಾಳೋ ಹೇಗೆಂದು ಸಾಹೇಬರಿಗೆ ತಿಳಿಯಲಿಲ್ಲ. ಕಡೆಗೆ, ಹೆಸರಿಲ್ಲದ ಕೂಗು ಇನ್ನೊಮ್ಮೆ ಕೇಳಿದರೆ ಮನೆಯ ಗಂಡಸರು ಠಾಣೆಗೆ ಬರಬೇಕಾಗುತ್ತದೆ ಎಂದು ಹೇಳಿ ಹೊರಟುಹೋದರು. ಗಟ್ಟಿಯಾಗಿ ಗದರಿಸಲೂ ಇಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ಅಪ್ಪನ ಮುಖ ಇನ್ನಷ್ಟು ಬಿಳಿಚಿಕೊಂಡಿತು.

ಅವತ್ತಿನಿಂದ ಕಾಡು ಬಾಯಿ ಮುಚ್ಚಿತು. ಅದರ ಹಿಂದೆಯೇ ನಮ್ಮ ಶಾಲೆಯೂ ನಿಂತಿತು. ಅಪ್ಪ ಕೆಟ್ಟವರಲ್ಲ; ನನ್ನ ನೋಟ್‌ಬುಕ್ಕುಗಳಿಗೆ ತಾವೇ ಕೂತು ಬೈಂಡು ಹಾಕಿದವರು. ಆದರೆ ಮಗಳು ಸಂಕ ದಾಟಿದಳೋ ಇಲ್ಲವೋ ತಿಳಿಯದೆ ಸಂಜೆಯವರೆಗೆ ಕೂರುವುದು ಅವರಿಂದ ಆಗದ ಕೆಲಸ. "ಓದು ಹೋದ್ರೆ ಹೋಗ್ಲಿ, ಮಗಳು ಬೇಕಲ ನಂಗೆ," ಎಂದುಬಿಟ್ಟರು. ಗುಲಾಬಿಯ ಮನೆಯಲ್ಲೂ ಇದೇ ತೀರ್ಮಾನ. ಅವಳಿಗಂತೂ ಆಗಲೇ ತೀರ್ಥಹಳ್ಳಿಯ ಕಡೆಯಿಂದ ಒಂದು ಗಂಡಿನ ಪ್ರಸ್ತಾಪ ತೇಲಿಬರುತ್ತಿತ್ತು. ಹುಡುಗಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆಂದು ಗೊತ್ತಾದರೆ ಸಾಕು, ಗಂಡುಗಳಿಗೆ ಎಲ್ಲಿಂದಲೋ ವಾಸನೆ ಹತ್ತುತ್ತದೆ. ನಾನು ತಟ್ಟಿಯ ಕೆಳಗೆ ಬೆಂಕಿ ಊದುತ್ತ, ಹೊಗೆಯ ನೆಪದಲ್ಲಿ ಮನಸಾರೆ ಅತ್ತೆ. ಆ ದಿನಗಳ ಸಿಟ್ಟು ಈಗಲೂ ನನ್ನಲ್ಲಿ ಆರಿಲ್ಲ. ಯಾರದೋ ಬಂದೂಕು, ಯಾರದೋ ಜಗಳ, ಅದರ ನಡುವೆ ಮೊದಲು ಮುಚ್ಚಿಹೋಗುವುದು ಹುಡುಗಿಯರ ಪುಸ್ತಕ.

ನಾನೂ ಗುಲಾಬಿಯೂ ಶಾಲೆ ನಿಂತ ಮೇಲೂ ಹಟಕ್ಕೆಂಬಂತೆ ದಿನವೂ ಒಲೆಯ ಮುಂದೆ ಕೂತು ಪುಸ್ತಕ ಹರವಿಕೊಂಡು ಪಟ್ಟಿ ಒಪ್ಪಿಸುತ್ತಿದ್ದೆವು: ಇವತ್ತು ಮೊದಲ ಪಿರಿಯಡ್ ಗಣಿತ, ಎರಡನೇದು ಸಮಾಜ, ಆಮೇಲೆ ವಿಜ್ಞಾನ. ಒಂದು ದಿನ ಅಜ್ಜಿ ಸಿಪ್ಪೆ ತಿರುವುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿ ಕೇಳಿದಳು.

"ಅದೆಂತದೇ ಅದು, ಗಣಿತ? ಮನ್ಷರ ಹೆಸ್ರಾ?"

"ಅಲ್ಲಜ್ಜಿ. ಲೆಕ್ಕದ ಪಾಠ."

"ಆ ಹೆಸ್ರಿನವ್ರು ಯಾರಾದ್ರೂ ಇದಾರನಾ, ನಮ್ಮ ಕಡೆ?"

"ಯಾರು ಇಡ್ತಾರೆ ಅಂಥ ಹೆಸ್ರು," ಎಂದು ಗುಲಾಬಿ ನಕ್ಕಳು.

ಅಜ್ಜಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಯಾರದೂ ಅಲ್ಲದ ಹೆಸರು. ಕಾಡು ಕಲಿತರೆ ಕಲಿಯಲಿ, ಆ ಹೆಸರಿಟ್ಟುಕೊಂಡು ಯಾರನ್ನು ಕರೆದೀತು? ಸಾಹೇಬನಿಗೆ ಹೆಸರು ಬೇಕು, ಕೊಟ್ಟರಾಯಿತು. ಅವಳು ಆ ಕ್ಷಣವೇ ಕೈ ತೊಳೆದು, ಕೋಲು ಹಿಡಿದು, ಮನೆಮನೆಗೆ ಹೊರಟಳು. ನಾವಿಬ್ಬರೂ ಅವಳ ಹಿಂದೆ ಕುಣಿಯುತ್ತ ಹೋದೆವು. ಪ್ರತಿ ಅಂಗಳದಲ್ಲೂ ಹೆಂಗಸರಿಗೆ ಪಾಠವಾಯಿತು: ಈ ಉದ್ದನೆಯವಳು ಗಣಿತ, ಈ ದುಂಡಗಿನವಳು ಸಮಾಜ. ರಸ್ತೆಯ ಹತ್ತಿರದ ಮನೆಯ ಲಿಂಗಮ್ಮನಿಗೆ ನಾಲಿಗೆ ತಿರುಗದೆ ಗಣಿತ ಎಂಬುದು ಗಣತಿ ಆಗಿ, ಎಲ್ಲರೂ ನಕ್ಕು, ಅಜ್ಜಿ ಅವಳಿಂದ ಸರಿಯಾಗಿ ಹೇಳಿಸಿಯೇ ಎದ್ದಳು. ಗುಲಾಬಿಗೆ ಮಾತ್ರ ಅಸಮಾಧಾನ. ಅವಳಿಗೆ ಹಿಂದಿ ಬೇಕಾಗಿತ್ತು, ಅದರಲ್ಲಿ ಒಂದು ಸ್ಟೈಲ್ ಇದೆಯಂತೆ. ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು. ಅಜ್ಜಿ ಕಡೆಗೆ, "ನಾ ಒಬ್ಳನ್ನ ಕಳ್ಕಂಡವ್ಳು. ಇವ್ಳನ್ನ ಕಳ್ಕಂತಿನನಾ?" ಎಂದಳು. ಅಪ್ಪ ಎದ್ದು ಹೋಗಿ ನನ್ನ ಛತ್ರಿಯ ಮುರಿದ ಕಡ್ಡಿಗೆ ತಂತಿ ಕಟ್ಟತೊಡಗಿದರು. ಅದೇ ಅವರ ಒಪ್ಪಿಗೆ.

ಮಾರನೆಯ ಬೆಳಿಗ್ಗೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಜ್ಜಿ ಅಂಗಳದ ತುದಿಗೆ ಬಂದು ನಿಂತಳು. ಹುಡುಗಿಯಾಗಿದ್ದಾಗ ಒಮ್ಮೆ ಕೂಗಿದವಳು ಆಮೇಲೆ ಕಾಡಿನ ಕಡೆ ಮುಖ ಮಾಡಿ ಒಂದು ಹೆಸರನ್ನೂ ಕೂಗಿರಲಿಲ್ಲ, ಸುಳ್ಳು ಹೆಸರನ್ನೂ. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು, "ಗಣಿತಾ, ಸಮಾಜಾ, ಹೊರಟ್ವೂ" ಎಂದು ಕೂಗಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಳಗಿನ ಮನೆಯಿಂದ, "ಗಣಿತಾ ಬಂತೂ, ಸಮಾಜಾ ಬಂತೂ." ಅದರಾಚೆಯ ಮನೆಯಿಂದ ಮತ್ತೆ. ದನಿಯ ಮೇಲೆ ದನಿ ಎದ್ದು ಇಡೀ ನೇರಲಕೊಡ್ಲು ಪಾಠದ ಹೆಸರು ಹೇಳತೊಡಗಿದಾಗ ನಾವಿಬ್ಬರೂ ಚೀಲ ಕುಣಿಸುತ್ತ ಓಡಿದ ಓಟ ಇದೆಯಲ್ಲ, ಅಷ್ಟು ಖುಷಿಯಿಂದ ನಾನು ಆಮೇಲೆ ಯಾವ ಊರಿಗೂ ಓಡಿಲ್ಲ. ಸಂಕ ದಾಟಿ ನಿಂತು ನಾವೂ ಕೂಗಿದೆವು, "ಗಣಿತ ದಾಟ್ತೂ, ಸಮಾಜ ದಾಟ್ತೂ." ಹಳ್ಳದ ಎರಡೂ ದಂಡೆ ಅದನ್ನು ತಿರುಗಿ ಹೇಳಿದವು.

ಪೊಲೀಸರಿಗೆ ಇದು ಇನ್ನೂ ದೊಡ್ಡ ತಲೆನೋವಾಯಿತು ಎಂಬುದು ಆ ಸಂಜೆ ಗೊತ್ತಾಯಿತು. ಬರಿಯ ಕೂ ಹೋಗಿ ಈಗ ಗುಪ್ತ ಭಾಷೆ ಶುರುವಾಗಿದೆ ಎಂದುಕೊಂಡಿದ್ದರು ಅವರು. ಹಿಂದಿರುಗುವಾಗ ಟೆಂಟಿನ ಹತ್ತಿರ ಸಾಹೇಬರು ನಮ್ಮನ್ನು ತಡೆದರು. ಈಗ ಇವರು ನಮ್ಮನ್ನು ಬಿಡದಿದ್ದರೆ, ನಾಳೆಯಿಂದ ಶಾಲೆ ಮುಗಿದ ಹಾಗೆಯೇ.

"ಗಣಿತ ಅಂದ್ರ ಯಾರು? ಯಾವ ದಾರೀಲೆ ಬರತಾನ ಅಂವ?"

ನಾನು ಕೈ ಎತ್ತಿದೆ, ತರಗತಿಯಲ್ಲಿ ಎತ್ತುವ ಹಾಗೆ. "ನಾನೇ ಸಾರ್."

"ನೀ ಗಣಿತ?"

"ಹೌದು ಸಾರ್. ಇವ್ಳು ಸಮಾಜ."

ಹೆಸರು ಕೂಗಬಾರದ ಕತೆಯನ್ನೂ, ಅಜ್ಜಿಯ ತಂಗಿಯನ್ನೂ, ಪಟ್ಟಿ ಒಪ್ಪಿಸಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರ ಮುಖದಲ್ಲಿ ನಂಬಿಕೆ ಹುಟ್ಟಲಿಲ್ಲ. ನನ್ನ ಚೀಲ ತೆಗೆಸಿ, ಗಣಿತದ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಹೊರಗೆಳೆದರು. ಅದರ ತುಂಬ ಕೆಂಪು ಶಾಯಿ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು.

"ಗಣಿತ ಅಂತ ಹೆಸರಿಟ್ಗೊಂಡು ಗಣಿತದಾಗ ಫೇಲಾಗೀಯಲ್ಲವಾ," ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಪಕ್ಕದಲ್ಲಿ ಬಂದೂಕು ಹಿಡಿದು ನಿಂತಿದ್ದವರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಆ ನಗುವಿನಲ್ಲೇ ಏನೋ ಸಡಿಲವಾಯಿತು. ಪತ್ರಿಕೆಯನ್ನು ಮಡಿಸಿ ಚೀಲದಲ್ಲಿಟ್ಟು, "ಹೋಗ್ರಿ. ಅಜ್ಜಿಗೆ ಹೇಳು, ಕೂಗ್ಲಿ. ನಮ್ಮ ಮಕ್ಕಳೂ ಊರಾಗ ಸಾಲಿಗೆ ಹೊಕ್ಕಾವ, ಮುಟ್ಟಿದ್ವೋ ಇಲ್ಲೋ ನಮಗೂ ಗೊತ್ತಾಗಂಗಿಲ್ಲ," ಎಂದರು. ಈ ಕೊನೆಯ ಮಾತನ್ನು ಅವರು ಯಾರಿಗೆ ಹೇಳಿದರೋ, ನಮ್ಮ ಕಡೆ ನೋಡುತ್ತಿರಲಿಲ್ಲ.

ಆಮೇಲಿನ ಒಂದೂವರೆ ವರ್ಷ ನನ್ನ ಬದುಕಿನ ಹಬ್ಬ. ಒಂದಿಡೀ ಕಾಡು ಬೆಳಿಗ್ಗೆ ಸಂಜೆ ಗಣಿತಾ ಎಂದು ಕರೆಯುತ್ತಿರುವಾಗ ಗಣಿತದಲ್ಲಿ ಫೇಲಾಗಲು ಎಂಥ ಮುಖ ಬೇಕು? ಹಾಳಾದ ಬೀಜಗಣಿತವನ್ನು ನಾನು ಉಪ್ಪಾಗೆ ಬೀಜ ಬಿಡಿಸಿದ ಹಾಗೆ ಒಂದೊಂದೇ ಬಿಡಿಸಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಪ್ಪ ಹೈಸ್ಕೂಲಿಗೆ ಹೋಗಿ ನೋಡಿ, ಮನೆಯವರೆಗೆ ನಡೆದು ಬರುವಷ್ಟು ತಾಳ್ಮೆಯಿಲ್ಲದೆ ಲಿಂಗಮ್ಮನ ಅಂಗಳದಿಂದಲೇ ಕೂಗಿಸಿದರು. ಇಬ್ಬರೂ ಪಾಸು ಎಂಬ ಸುದ್ದಿ ಅಪ್ಪನಿಗಿಂತ ಮೊದಲೇ ಸಂಕ ದಾಟಿ ಓಡಿ ಬಂತು. ಅಜ್ಜಿ ನನ್ನ ಕೆನ್ನೆ ಹಿಡಿದು ಬಾಯಿಗೆ ಬೆಲ್ಲ ತುರುಕಿದಳು. ಅವಳ ಬೆರಳು ಹುಳಿಯಾಗಿತ್ತು, ಬೆಲ್ಲ ಸಿಹಿಯಾಗಿತ್ತು, ನಾನು ಎರಡನ್ನೂ ನುಂಗಿದೆ. ತೀರ್ಥಹಳ್ಳಿಯ ಗಂಡು ಬೇರೆ ಹೆಣ್ಣು ನೋಡಿಕೊಂಡ. ಗುಲಾಬಿಯೂ ತೀರ್ಥಹಳ್ಳಿಗೇ ಹೋದಳು, ಮದುವೆಗಲ್ಲ, ನರ್ಸ್ ಆಗಿ. ನಾನು ಸಮಾಜದ ಟೀಚರಾದಾಗ, "ಕಡಿಗೂ ನನ್ನ ಹೆಸ್ರು ಕದ್ದೆ ಅಲ," ಎಂದು ಫೋನಿನಲ್ಲಿ ಬೈದಳು.

ನೇರಲಕೊಡ್ಲಿನಲ್ಲಿ ಈಗ ಯಾವ ಮನೆಯೂ ಇಲ್ಲ. ಒಂದೊಂದಾಗಿ ಎಲ್ಲರೂ ರಸ್ತೆಯ ಪಕ್ಕಕ್ಕೆ ಬಂದರು. ಅಲ್ಲಿ ಕರೆಂಟಿದೆ, ನಲ್ಲಿಯಿದೆ, ಮಕ್ಕಳಿಗೆ ಮನೆಯ ಎದುರೇ ಬಸ್ಸು ನಿಲ್ಲುತ್ತದೆ. ಇದು ಒಳ್ಳೆಯದೇ, ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಯಾವ ಹುಡುಗಿಯೂ ಹೆದರಿಕೊಂಡು ಕಾಡು ದಾಟಿ ಓದಬೇಕಾಗಿಲ್ಲ. ಆದರೂ ನಮ್ಮ ಮನೆಯಿದ್ದ ಜಾಗದಲ್ಲಿ ಅಂಗಳದ ಗುರುತೂ ಉಳಿಯದೆ ಗಿಡ ಬೆಳೆದಿರುವುದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ. ನಿಮಗೂ ಅಂಥದೊಂದು ಅಂಗಳ ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಕೆಲಸದ ಆರ್ಡರ್ ಬಂದಾಗ ಅಜ್ಜಿ ಆ ರಸ್ತೆ ಬದಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಕಣ್ಣು ಮಂಜಾಗಿತ್ತು, ಆ ಗಂಟಲೂ ಇಂಗಿಹೋಗಿ ಪಿಸುಮಾತಾಗಿತ್ತು. ಪಕ್ಕದಲ್ಲಿ ಕೂತು, ಸಾಗರದ ಹೈಸ್ಕೂಲಿನಲ್ಲಿ ಕೆಲಸವಾಯಿತು ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಕೇಳಿದಳು.

"ದಾರೀಲಿ ಯಾರ್ಯಾರ ಮನೆ ಅದೆ?"

"ಬಸ್ಸಲ್ಲಿ ಹೋಗ್ತೀನಿ ಅಜ್ಜಿ."

"ಬಸ್ಸಾದ್ರೇನು, ದಾರಿ ದಾರೀನೇ ಅಲ್ದನಾ? ಯಾರ್ಯಾರ ಮನೆ ಅದೆ ಹೇಳು."

ಆ ದಾರಿಯಲ್ಲಿ ನನಗೆ ಒಂದು ಮನೆಯವರ ಪರಿಚಯವೂ ಇರಲಿಲ್ಲ. ಆದರೂ ಹೇಳತೊಡಗಿದೆ. ಮೊದಲು ಸಿಗುವ ಊರು ನಗರ, ಅಲ್ಲಿ ಲಿಂಗಮ್ಮನಂಥವಳೊಬ್ಬಳು ಇದ್ದಾಳೆ ಎಂದೆ. ಹೊಸನಗರದಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೇ ಒಬ್ಬಳು ಇದ್ದಾಳೆ, ದೊಡ್ಡ ಗಂಟಲಿನವಳು ಎಂದೆ. ಬಟ್ಟೆಮಲ್ಲಪ್ಪದಲ್ಲಿ ಒಬ್ಬಳು, ಸಾಗರದ ಹೊರಗೆ ಕೆರೆಯ ಹತ್ತಿರ ಒಬ್ಬಳು. ಒಂದೊಂದು ಊರಿನ ಹೆಸರಿಗೂ ಅವಳು ತಲೆಯಾಡಿಸುತ್ತ ಹೋದಳು. ಸಾಗರ ಮುಟ್ಟಿದ ಮೇಲೆ ನನ್ನ ಕೈ ಬಿಟ್ಟು, ಆತು ಹಂಗಾದ್ರೆ ಎಂದು ಗೋಡೆಯ ಕಡೆ ಹೊರಳಿ ನಿದ್ದೆ ಹೋದಳು. ನಾನು ಕೆಲಸಕ್ಕೆ ಸೇರಿದ ವಾರವೇ ತೀರಿಕೊಂಡಳು. ಇಷ್ಟು ವರ್ಷವಾಯಿತು, ದಿನವೂ ನಾನು ಶಾಲೆ ಮುಟ್ಟುತ್ತೇನೆ, ಮುಟ್ಟಿದೆನೋ ಇಲ್ಲವೋ ಎಂದು ಯಾರೂ ಕಾಯುತ್ತಿಲ್ಲ.